ಅಲುಗಿದ ಮಗು

ಹಳೆಯ ಸಿನಿಮಾ ರೀಲುಗಳ ಗೀರು, ಕಲೆ ತೆಗೆಯುವುದು ಕಲ್ವರ್ ಸಿಟಿಯಲ್ಲಿ ನನ್ನ ಕೆಲಸವಾಗಿತ್ತು. ಎಲ್ಲಿ ಮಸುಕು ಕಂಡರೂ ಸರಿಮಾಡಲು ಕೈ ತುರಿಸುತ್ತಿತ್ತು. ನೆಂಟರ ಮದುವೆ ಫೋಟೋಗಳನ್ನೂ ಬಿಟ್ಟವಳಲ್ಲ. 2014ರಲ್ಲಿ ಸ್ಯಾನ್ ಡಿಯಾಗೋದ ಪುರಾತತ್ವ ವಿದ್ಯಾರ್ಥಿನಿಯೊಬ್ಬಳು ಸ್ಕ್ಯಾನ್ ಮಾಡಿಸಲು ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ತಂದಳು. ಗ್ಲೆಂಡೇಲ್‌ನ ಯಾರದೋ ಗರಾಜಿನಲ್ಲಿ ಸಿಕ್ಕಿದ್ದವಂತೆ. ಅವಳು ಗ್ವಿಚಿನ್ ಜನಾಂಗದವಳು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಅಲಾಸ್ಕಾದಿಂದ ಕೆನಡಾವರೆಗೆ, ಉತ್ತರದ ತುದಿಯಲ್ಲಿ ಹರಡಿರುವ ಜನ ಎಂದು ಅವಳೇ ವಿವರಿಸಿದಳು. ಚಳಿಗಾಲದಲ್ಲಿ ಏನು ತಿನ್ನುತ್ತೀರಿ, ನಾಯಿಗಳಿಗೆ ಏನು ಹಾಕುತ್ತೀರಿ ಎಂದು ನಾನು ಅವಳ ತಲೆ ತಿಂದೆ. ಹೆಚ್ಚಿನ ಪ್ರಶ್ನೆಗಳಿಗೆ ಮೀನು ಎಂಬುದೇ ಉತ್ತರವಾಗಿತ್ತು.

ಅವಳ ಚಿಂತೆ ಬೇರೆಯೇ ಇತ್ತು. ಅವಳ ಅಜ್ಜಿಯ ತಾಯಿ ಬೆಳೆದ, ಬೇಸಿಗೆಯಲ್ಲಿ ಮೀನು ಹಿಡಿಯುವವರ ಬಿಡಾರ ನದಿಯ ಪೂರ್ವದ ದಡದಲ್ಲಿತ್ತೋ ಪಶ್ಚಿಮದ ದಡದಲ್ಲಿತ್ತೋ ಈಗ ಯಾರಿಗೂ ತಿಳಿಯದು. ಎರಡೂ ದಡ ವರ್ಷವರ್ಷ ಕುಸಿದು ನೀರು ಸೇರುತ್ತಿದ್ದವು. ಊರವರೆಲ್ಲ ಸೇರಿ ಅಗೆಯಲು ಸಿಗುವುದು ಒಂದು ಗಿಡ್ಡ ಬೇಸಿಗೆ. ತಪ್ಪು ದಡ ಅಗೆದರೆ, ಮುಂದಿನ ಸಲಕ್ಕೆ ಇನ್ನೊಂದು ಉಳಿದಿರುವ ಭರವಸೆ ಇರಲಿಲ್ಲ.

ಒಂದು ಗಾಜಿನಲ್ಲಿ ಬಿಡಾರವಿತ್ತು. ಡೇರೆಗಳು, ಒಣಹಾಕಿದ ಮೀನು, ಹಿಂದೆ ಊರವರು ಇಂದಿಗೂ ಗುರುತಿಸುವ ಉತ್ತರದ ಗುಡ್ಡ. ನದಿ ಮಾತ್ರ ಚಿತ್ರದೊಳಗೆ ಬಂದಿರಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಅಂಚಿನ ಒಂದು ಮಗು ಅಲುಗಿ, ಮುಖವೇ ಇಲ್ಲದೆ ಹೊಗೆಯಂತಾಗಿತ್ತು.

ಆ ವಿದ್ಯಾರ್ಥಿನಿಯ ಅಜ್ಜಿ ಮೊಮ್ಮಗಳನ್ನು ನೋಡಲು ಬಂದಿದ್ದಾಗ, ಒಂದು ಶನಿವಾರ ಲ್ಯಾಪ್‌ಟಾಪನ್ನೂ ಪೆಟ್ಟಿಗೆಯನ್ನೂ ಕಾರಿಗೆ ಹಾಕಿಕೊಂಡು ಸ್ಯಾನ್ ಡಿಯಾಗೋಗೆ ಹೋದೆ. ಅವರನ್ನು ಅಭ್ಯಾಸಬಲದಿಂದ ಆಂಟಿ ಎಂದುಬಿಟ್ಟೆ, ಅವರಿಗೂ ಹಿಡಿಸಿತು.

"ಆಂಟಿ, ಈ ಮಗೂನ ಸರಿ ಮಾಡ್ಕೊಡ್ತೀನಿ. ಪಕ್ಕದ ಮಗು ಕಣ್ಣು ಮೂಗು ತಂದು ಕೂರಿಸಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದು ಜಂಬ ಕೊಚ್ಚಿದೆ.

"ಬೇಡ," ಎಂದರು ಅವರು. "ಅದು ನಮ್ಮಮ್ಮ."

ಮುಖವಿಲ್ಲದೆ ಹೇಗೆ ಗೊತ್ತು ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ.

"ಅಲ್ಲಾಡಬೇಡಿ ಅಂದಿದ್ನಂತೆ ಫೋಟೋದವ್ನು. ಅಷ್ಟರಲ್ಲಿ ಅಪ್ಪನ ದೋಣಿ ಬಂತು, ಓಡ್‌ಬಿಟ್ಟೆ ಅಂತಿದ್ಲು. ಸರಿಯಾಗಿ ಬೈಸ್ಕೊಂಡ್ಲಂತೆ."

ದೋಣಿ ಎಂದ ಕೂಡಲೇ ನಾನೂ ಮೊಮ್ಮಗಳೂ ಪರದೆಗೆ ಬಾಗಿದೆವು. ಮಗು ಮೊದಲು ನಿಂತಿದ್ದಲ್ಲಿ ಲಂಗದ ಅಂಚು ಗಟ್ಟಿಯಾಗಿ ಮೂಡಿತ್ತು. ಅಲ್ಲಿಂದ ಎಡಕ್ಕೆ ಮಸುಕು ತೆಳುವಾಗುತ್ತ ಹೋಗಿತ್ತು. ಅಂದರೆ ಓಡಿದ್ದು ಎಡಕ್ಕೆ, ನದಿ ಇದ್ದದ್ದೂ ಎಡಕ್ಕೆ.

"ನೆಗೆಟಿವ್ ಉಲ್ಟಾ ಸ್ಕ್ಯಾನ್ ಆಗಿಲ್ಲ ತಾನೆ?" ಎಂದಳು ಮೊಮ್ಮಗಳು. ಹಾಗಾಗಿದ್ದರೆ ಎಡಬಲ ಅದಲುಬದಲಾಗಿರುತ್ತಿತ್ತು.

ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಚಿತ್ರದ ಲೇಪವಿರುವ ಮಂಕು ಬದಿ ಯಾವುದೆಂದು ನೋಡಿ ಪರದೆಯೊಂದಿಗೆ ಹೋಲಿಸಿದೆ. ಚಿತ್ರ ನೇರವಾಗಿಯೇ ಇತ್ತು. ಉತ್ತರದ ಗುಡ್ಡ ಎದುರಿಗೆ, ನೀರು ಎಡಕ್ಕೆ. ಹಾಗಾದರೆ ಬಿಡಾರ ಪೂರ್ವದ ದಡದ್ದು. ಅವಳು ಆಗಲೇ ಊರಿಗೆ ಫೋನ್ ಮಾಡಿದಳು. ನಾನು ಆ ಮಸುಕನ್ನೇ ನೋಡುತ್ತ ಕುಳಿತೆ. ಅದನ್ನು ಒರೆಸಿಹಾಕಲು ನನಗೆ ಅರ್ಧ ಗಂಟೆ ಸಾಕಿತ್ತು.

ಮುಂದಿನ ಬೇಸಿಗೆಯಲ್ಲಿ ಪೂರ್ವದ ದಡದಲ್ಲಿ ಮಸಿ ಹಿಡಿದ ಒಲೆಗಲ್ಲುಗಳು ಸಿಕ್ಕವು. ಮರುವರ್ಷ ಆ ದಡ ನದಿಗೆ ಬಿತ್ತು. ಮೊಮ್ಮಗಳ ಇಮೇಲ್ ಓದಿ ಆಫೀಸಿನಲ್ಲೇ ಅತ್ತುಬಿಟ್ಟೆ. ಕಲ್ಲುಗಳು ಅಷ್ಟರಲ್ಲಿ ಊರಿನ ಶಾಲೆ ಸೇರಿದ್ದವು.