ತಾಯಮ್ಮನ ಕಾಲಿಗೆ ನಲವತ್ತೆರಡು ಇಂಚು

ಸಕಲೇಶಪುರದಲ್ಲಿ ದೊಡ್ಡ ಗಾಡಿ ತೆಗೆದುಕೊಳ್ಳಬೇಕೆಂದಿರುವವರು ಮೊದಲು ದೇವೇಂದ್ರನ ಅಂಗಡಿಗೆ ಬಂದು ಹೋಗುತ್ತಾರೆ. ಅವನು ಗಾಡಿ ಮಾರುವವನಲ್ಲ, ಮೆಕ್ಯಾನಿಕ್ಕೂ ಅಲ್ಲ. ಸೀಟ್ ಕವರ್ ಹೊಲಿಯುವವನು. ಇಪ್ಪತ್ತಾರು ವರ್ಷಗಳಿಂದ ಗಾಡಿಗಳ ಒಳಗೆ ಮಂಡಿಯೂರಿ ಟೇಪು ಹಿಡಿದು ಕೂತಿದ್ದರಿಂದ, ಕಂಪನಿಯ ಬಣ್ಣದ ಪುಸ್ತಕದಲ್ಲಿ ಇಲ್ಲದ ಅಳತೆಗಳು ಅವನಿಗೆ ಗೊತ್ತು. ಮೂರನೇ ಸಾಲಿನಲ್ಲಿ ಕೂತವನ ಮೊಣಕಾಲು ಎಷ್ಟು ಮೇಲೆ ಬರುತ್ತದೆ, ಹಿಂದಿನ ಸೀಟು ಮಡಚಿದರೆ ನೆಲ ಸಮವಾಗುತ್ತದೋ ಇಳಿಜಾರಾಗುತ್ತದೋ, ಹಿಂಬಾಗಿಲು ಹಾಕಿದ ಮೇಲೆ ನಿಜವಾಗಿ ಎಷ್ಟು ಮೂಟೆ ಹಿಡಿಯುತ್ತದೆ, ಎಲ್ಲವನ್ನೂ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಅವನ ಸ್ವಂತ ಗಾಡಿ ಹನ್ನೊಂದು ವರ್ಷ ಹಳೆಯ ಸ್ಕೂಟರ್.

ಆ ಪುಸ್ತಕದಲ್ಲಿ ಪ್ರತಿ ಗಾಡಿಯ ಹೆಸರಿನ ಎದುರಿಗೂ ಕೆಂಪು ಶಾಯಿಯಲ್ಲಿ ಒಂದು ಸಂಖ್ಯೆ ಇದೆ. ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ, ಎರಡನೇ ಸಾಲಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಒಂದರ ಬೆನ್ನಿನಿಂದ ಇನ್ನೊಂದರ ಬೆನ್ನಿನವರೆಗೆ ಉಳಿಯುವ ಜಾಗ ಅದು. ಕವರ್ ಹೊಲಿಯಲು ಆ ಅಳತೆ ಬೇಕಿಲ್ಲ. ಅದು ಅವನ ಅಕ್ಕನಿಗಾಗಿ.

ತಾಯಮ್ಮ ದೇವೇಂದ್ರನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕೆ. ಹೊಸಕೋಟೆಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿ, ಗಂಡ ದೇವೀರಪ್ಪನ ಜೊತೆ ಒಂದೂವರೆ ಎಕರೆ ಕಾಫಿ, ಸ್ವಲ್ಪ ರಾಗಿ ನೋಡಿಕೊಂಡಿದ್ದಳು. ಮಕ್ಕಳಾಗಲಿಲ್ಲ. ದೇವೀರಪ್ಪ ತೀರಿಕೊಂಡು ಏಳು ವರ್ಷ. ಅವರ ಪದ್ಧತಿಯಂತೆ ಅವನನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಹೊಲಕ್ಕೆ ಹೊತ್ತೊಯ್ದು ಕೂತ ಭಂಗಿಯಲ್ಲೇ ಮಣ್ಣು ಮಾಡಿದರು. ತಾಯಮ್ಮ ಪ್ರತಿ ವರ್ಷ ಆ ದಿನ ಸಮಾಧಿಯ ಮೇಲಿನ ಹುಲ್ಲು ಕಿತ್ತು, ಬಿಲ್ವಪತ್ರೆ ಇಟ್ಟು, ಹೋಳಿಗೆ ಎಡೆ ಮಾಡಿ, ಮಧ್ಯಾಹ್ನದವರೆಗೂ ಅಲ್ಲೇ ಕೂತಿರುತ್ತಿದ್ದಳು.

ಮೂರು ವರ್ಷದ ಹಿಂದೆ ಕಣದಲ್ಲಿ ಕಾಫಿ ಹರವುವಾಗ ಜಾರಿ ಬಿದ್ದಳು. ಎರಡು ಆಪರೇಷನ್ ಆಯಿತು. ನೋವು ಹೋಯಿತು, ಬಲಗಾಲಿನ ಮಂಡಿ ಮಾತ್ರ ಮಡಚದಂತೆ ನಿಂತುಬಿಟ್ಟಿತು. ಆಂಬುಲೆನ್ಸಿನಲ್ಲಿ ಮಲಗಿಸಿ ತಮ್ಮನ ಮನೆಗೆ ಕರೆತಂದರು. ಅಂದಿನಿಂದ ಅವಳು ತನ್ನ ಹೊಲಕ್ಕೆ ಹೋಗಿಲ್ಲ. ಆಟೋದಲ್ಲಿ ಕಾಲು ಹೊರಗೆ ಉಳಿಯುತ್ತದೆ. ಕಾರಿನ ಮುಂದಿನ ಸೀಟಿಗೆ ಹತ್ತಿಸಲು ಹೋದರೆ ಪಾದ ಬಾಗಿಲ ಕಂಬಕ್ಕೆ ತಗಲುತ್ತದೆ. ಒಮ್ಮೆ ಹಿಂದಿನ ಸೀಟಿನಲ್ಲಿ ಅಡ್ಡ ಕೂರಿಸಿ ಕಾಲು ಚಾಚಿಸಿ ಹೊರಟಿದ್ದರು. ತಿರುವುಗಳಲ್ಲಿ ಸೊಂಟ ಜಾರಿ ಜಾರಿ ಆಲೂರು ಬರುವಷ್ಟರಲ್ಲಿ ಬೆವತುಹೋದಳು. ಅರ್ಧ ದಾರಿಯಿಂದ ವಾಪಸು ತಂದರು.

ಆ ಸಂಜೆ ದೇವೇಂದ್ರ ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿ ಅಳೆದ. ಬೆನ್ನಿನಿಂದ ಹಿಮ್ಮಡಿಗೆ ಮೂವತ್ತೆಂಟು ಇಂಚು. ಬಾಗಿಲಿನಿಂದ ಒಳಗೆ ಕಾಲು ತಿರುಗಿಸಲು ಇನ್ನು ನಾಲ್ಕು. ಒಟ್ಟು ನಲವತ್ತೆರಡು.

“ಏನೋ, ಸತ್ ಮ್ಯಾಲೆ ತೆಗೆಯೋ ಗುಣಿಗೆ ಈಗ್ಲೇ ಅಳತೆ ತಗತಿದ್ದೀಯಾ?” ಎಂದಳು ತಾಯಮ್ಮ.

“ಸುಮ್ನಿರಕ್ಕ. ಭಾವನ ಹತ್ರ ಹೋಗ್ಬೇಕು ಅಂತೀಯಲ್ಲ, ಅದ್ಕೆ.”

“ಒಂದ್ ಸಲ ಕಣೋ. ಒಂದೇ ಒಂದ್ ಸಲ ಹೋಗಿ ಕೂತು ಬಂದ್ಬುಟ್ರೆ ಸಾಕು.”

ಮೂರು ವರ್ಷದಲ್ಲಿ ಅವನು ನೂರಾ ಹನ್ನೆರಡು ಗಾಡಿ ಅಳೆದ. ಹೆಚ್ಚಿನವು ಮೂವತ್ತಾರು, ಮೂವತ್ತೇಳು.

ಕಳೆದ ಡಿಸೆಂಬರಿನಲ್ಲಿ ಬೆಳಗೋಡಿನ ಸುಬ್ಬಯ್ಯನವರು ಅಂಗಡಿಗೆ ಬಂದರು. ಹದಿನೆಂಟು ಎಕರೆ ಕಾಫಿ ಇರುವವರು, ಜೋರು ದನಿಯ ಮನುಷ್ಯ, ದೇವೇಂದ್ರನ ಹಳೆಯ ಗಿರಾಕಿ. ಅವರ ಜೀಪು ಸಾಕಾಗಿತ್ತು. ಮನೆಯಲ್ಲಿ ಆರು ಜನ. ಹೆಂಡತಿ ರಾಜಲಕ್ಷ್ಮಮ್ಮನಿಗೆ ಬೆನ್ನುನೋವು. ಮೆಣಸು, ಕಾಫಿ ಮೂಟೆಯೂ ಅದರಲ್ಲೇ ಹೋಗಬೇಕು.

“ಮೂರು ಗಾಡಿ ನೋಡಿದ್ದೀನಿ ಮಾರಾಯ. ಶೋರೂಮಿನೋರು ಭಾನುವಾರ ಮೂರನ್ನೂ ಮನೆ ಹತ್ರ ತತ್ತಾರೆ. ನೀನು ಬಂದು ಅಳೆದು ಹೇಳ್ಬುಡು. ಮನೆಯೋರು ನಿನ್ನ ಮಾತೇ ಕೇಳದು, ನಂದಲ್ಲ.”

ದೇವೇಂದ್ರ ಒಪ್ಪಿದ. ಹೊರಡುವಾಗ ಸುಬ್ಬಯ್ಯನವರು ಅಂಗಡಿಗೆ ಅಂಟಿದ ಮನೆಯೊಳಗೆ ಕಾಲು ಚಾಚಿ ಕೂತಿದ್ದ ತಾಯಮ್ಮನನ್ನು ನೋಡಿ, “ಗಾಡಿ ಬರ್ಲಿ ತಾಯಮ್ಮ, ನಿಮ್ಮನ್ನ ಹೊಸಕೋಟೆಗೆ ನಾನೇ ಕರ್ಕೊಂಡು ಹೋಗ್ತೀನಿ” ಎಂದರು. ಅವರು ಅದನ್ನು ಸುಮ್ಮನೆ ಅಂದಿರಬಹುದು. ತಾಯಮ್ಮ ಮಾತ್ರ ಅವತ್ತೇ ತಮ್ಮನ ಹೆಂಡತಿ ಶಿವಲೀಲಾಳಿಗೆ ಪೆಟ್ಟಿಗೆಯಲ್ಲಿದ್ದ ಹಸಿರು ಅಂಚಿನ ಸೀರೆಯನ್ನು ಬಿಸಿಲಿಗೆ ಹಾಕಲು ಹೇಳಿದಳು.

ಭಾನುವಾರ ಸುಬ್ಬಯ್ಯನವರ ಕಣದಲ್ಲಿ ಮೂರು ಗಾಡಿ ಸಾಲಾಗಿ ನಿಂತವು: ಒಂದು ಬಿಳಿ, ಒಂದು ಕಪ್ಪು, ಒಂದು ಬೂದು. ದೇವೇಂದ್ರ ಹಿಂದಿನ ದಿನವೇ ಅವರ ಕಾಫಿ ಗೋದಾಮಿನಲ್ಲಿ ಎಂಟು ಗೋಣಿಚೀಲಗಳಿಗೆ ಕಾಫಿ ಹೊಟ್ಟು ತುಂಬಿಸಿ ಹೊಲಿಸಿದ್ದ. ಗಾತ್ರ ಐವತ್ತು ಕೆಜಿ ಮೂಟೆಯದೇ, ತೂಕ ಕಾಲುಭಾಗ. ಎತ್ತಿ ಇಳಿಸಲು ಸುಲಭ. ಮೊದಲು ಮನೆಯವರನ್ನೆಲ್ಲ ಗಾಡಿಯೊಳಗೆ ಕೂರಿಸುತ್ತಿದ್ದ, ಹಿಂದೆ ಎಷ್ಟು ಮೂಟೆ ಹಿಡಿಯುತ್ತದೆ ನೋಡುತ್ತಿದ್ದ. ಆಮೇಲೆ ಮೂರನೇ ಸಾಲು ಮಡಚಿ ಮತ್ತೆ ತುಂಬುತ್ತಿದ್ದ.

“ನಮ್ಮನ್ನೂ ಮೂಟೆ ಲೆಕ್ಕಕ್ಕೆ ಸೇರಿಸ್ಬುಟ್ರಲ್ಲ” ಎಂದು ಸೊಸೆ ಪೂಜಿತಾ ಮೂರನೇ ಸಾಲಿನಿಂದ ಕೂಗಿದಳು.

“ನೀವು ಮೂಟೆಗಿಂತ ಕಷ್ಟ ಕಣಮ್ಮ. ಅವು ಮಾತಾಡಲ್ಲ” ಎಂದ ದೇವೇಂದ್ರ.

ಬಿಳಿ ಗಾಡಿ ಬೇಗ ಲೆಕ್ಕದಿಂದ ಹೊರಗಾಯಿತು. ಸೀಟು ನೆಲದಿಂದ ಮೂವತ್ತನಾಲ್ಕು ಇಂಚು ಎತ್ತರ. ರಾಜಲಕ್ಷ್ಮಮ್ಮ ಹತ್ತಲು ಮಗ ಪ್ರವೀಣನ ಹೆಗಲು ಹಿಡಿಯಬೇಕಾಯಿತು. ಉಳಿದವು ಎರಡು. ಕಪ್ಪು ಗಾಡಿಯಲ್ಲಿ ಆರು ಜನ ಕೂತ ಮೇಲೂ ಹಿಂದೆ ಎರಡು ಮೂಟೆ ನಿಂತವು. ಮೂರನೇ ಸಾಲು ಮಡಚಿದರೆ ನೆಲ ಹಲಗೆಯಂತೆ ಸಮ, ಎಂಟೂ ಹಿಡಿದವು. ಮೂರನೇ ಸಾಲಿನಲ್ಲಿ ಕೂತ ಪೂಜಿತಾಳ ಮೊಣಕಾಲಿಗೆ ಮೂರು ಇಂಚು ಬಿಡುವಿತ್ತು. ಬೂದು ಗಾಡಿಯ ಎರಡನೇ ಸಾಲು ಅರಮನೆಯಂತಿತ್ತು. ಆ ಜಾಗವನ್ನೆಲ್ಲ ಮೂರನೇ ಸಾಲಿನಿಂದ ಕಿತ್ತುಕೊಂಡಿದ್ದರು. ಅಲ್ಲಿ ಪೂಜಿತಾಳ ಮೊಣಕಾಲುಗಳು ಎದೆಗೆ ಬಂದವು. ಮಡಚಿದ ನೆಲ ಇಳಿಜಾರು. ಆರನೇ ಮೂಟೆ ಇಡುವಾಗ ಮೊದಲನೆಯದು ಜಾರಿತು.

ಕೊನೆಗೆ ದೇವೇಂದ್ರ ಕೆಂಪು ಶಾಯಿಯ ಅಳತೆ ತೆಗೆದ. ಕಪ್ಪಿಗೆ ಮೂವತ್ತೊಂಬತ್ತು. ಬೂದಿಗೆ ನಲವತ್ತಮೂರೂವರೆ.

ಟೇಪನ್ನು ಇನ್ನೊಮ್ಮೆ ಹಿಡಿದ. ಅಷ್ಟೇ ಬಂತು. ಸೀಟಿನ ಎತ್ತರವನ್ನೂ ನೋಡಿದ. ತಾಯಮ್ಮ ಒಂದು ಮಣೆಯ ಮೇಲೆ ನಿಂತರೆ ಬೆನ್ನು ಒಳಕ್ಕೆ ಮಾಡಿ ಸರಿದು ಕೂರಬಹುದು. ಎಡಬದಿಯ ಕಿಟಕಿ ದೊಡ್ಡದು. ಕೆ. ಹೊಸಕೋಟೆಯ ದಾರಿಯಲ್ಲಿ ಅವಳ ಹೊಲ ಬರುವುದೂ ಎಡಕ್ಕೇ.

“ಏನಪ್ಪ, ಒಳಗೇ ಮಲಗ್ಬುಟ್ಟಾ?” ಸುಬ್ಬಯ್ಯನವರು ಬಾಗಿಲಲ್ಲಿ ನಿಂತಿದ್ದರು. “ನಂಗೆ ಈ ಬೂದೀದೇ ಇಷ್ಟ ಕಣೋ. ನೋಡಾಕೆ ಠೀವಿ ಐತೆ. ನೀನು ಹ್ಞೂಂ ಅಂದ್ರೆ ಇವತ್ತೇ ಬುಕ್ ಮಾಡ್ಬುಡ್ತೀನಿ.”

ಸುಳ್ಳು ಹೇಳಬೇಕಿರಲಿಲ್ಲ. ಹ್ಞೂಂ ಎಂದರೆ ಸಾಕಿತ್ತು. ಗಾಡಿಯೇನೂ ಕೆಟ್ಟದ್ದಲ್ಲ. ದೇವೇಂದ್ರ ಗಾಡಿಯಿಂದ ಇಳಿದ. ಎದುರಿಗೆ ಪೂಜಿತಾ ಮೊಣಕಾಲು ನೀವಿಕೊಳ್ಳುತ್ತಿದ್ದಳು. ರಾಜಲಕ್ಷ್ಮಮ್ಮ, ಇವನು ಏನು ಹೇಳುತ್ತಾನೋ ಅದೇ ಸರಿ ಎನ್ನುವಂತೆ ಕಾದಿದ್ದರು. ಅವನು ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುವಷ್ಟರಲ್ಲಿ ಶೋರೂಮಿನವನು ಗಡಿಯಾರ ನೋಡಿಕೊಂಡ.

“ಕಪ್ಪು ತಗಳ್ಳಿ” ಎಂದ. “ಬೂದೀಲಿ ಇಬ್ರು ಸುಖವಾಗಿರ್ತಾರೆ. ನೀವು ಆರು ಜನ.”

“ಇಷ್ಟ್ ಹೇಳಾಕೆ ಇಷ್ಟೊತ್ತಾ?” ಎಂದು ಸುಬ್ಬಯ್ಯನವರು ನಕ್ಕು, ಕಪ್ಪನ್ನೇ ಬುಕ್ ಮಾಡಿದರು.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದ, ನಲವತ್ತಮೂರೂವರೆಯನ್ನೂ ಬಿಡದೆ. ತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಬೂದೀದು ಚೆನ್ನಾಗಿತ್ತಾ?”

“ಹ್ಞೂಂ.”

“ಕಿಟಕಿ?”

“ದೊಡ್ಡದು.”

“ಹೋಗ್ಲಿ ಬುಡು. ಆ ಹುಡುಗಿ ಪೂಜಿತಾ ಬಸುರಿಯಂತೆ, ಮೊಣಕಾಲು ಎದೆಗೆ ಒತ್ತಿದ್ರೆ ಏನು ಗತಿ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಹೆಂಗಿತ್ತೋ ಅದು, ಸೀಟಿನ ಬಟ್ಟೆ?” ಎಂದು ಕೇಳಿದಳು. ದೇವೇಂದ್ರ ಬಟ್ಟೆಯ ಬಗ್ಗೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

ಕಪ್ಪು ಗಾಡಿ ಬಂದು, ಅದಕ್ಕೆ ಕವರ್ ಹಾಕಿಯಾದ ಮೇಲೆ ಸುಬ್ಬಯ್ಯನವರು ಕೊಟ್ಟ ಮಾತು ಮರೆಯಲಿಲ್ಲ. ಫೆಬ್ರವರಿ ಹದಿನೇಳು ದೇವೀರಪ್ಪ ಹೋದ ದಿನ. ಬೆಳಗ್ಗೆ ಎಂಟಕ್ಕೇ ಗಾಡಿ ಮನೆಯ ಮುಂದೆ ನಿಂತಿತು. ಕಾಲಿನ ಅಳತೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅವರು ಕಂಗೆಡಲಿಲ್ಲ. ಹಿಂಬಾಗಿಲು ತೆಗೆದು, ಮೂರನೇ ಸಾಲು ಮಡಚಿ, ಮನೆಯಿಂದ ತಂದ ಹಾಸಿಗೆಯನ್ನು ತಾವೇ ಹಾಸಿದರು.

“ನೋಡಿ ತಾಯಮ್ಮ, ಎಂಟು ಮೂಟೆ ಹಿಡಿಯೋ ಜಾಗ. ಆರಾಮಾಗಿ ಮಲಗಿ. ಒಂದ್ ಗಂಟೇಲಿ ನಿಮ್ಮ ಹೊಲ.”

ತಾಯಮ್ಮ ಹಸಿರು ಅಂಚಿನ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಕೋಲು ಹಿಡಿದು ಜಗುಲಿಯ ತುದಿಯವರೆಗೆ ಬಂದಿದ್ದಳು. ಹಾಸಿಗೆಯನ್ನು ನೋಡಿದಳು. ಅಲ್ಲೇ ನಿಂತಳು.

“ಅಲ್ಲಿ ಕೂತ್ರೆ ತಿರುವಲ್ಲಿ ಜಾರ್ತೀನಿ, ಮಲಗ್ಕೊಂಡಂತೂ ಬರಲ್ಲ ಸುಬ್ಬಯ್ಯೋರೆ.”

“ಯಾಕವ್ವ? ಮೆತ್ತಗೈತೆ, ಮುಟ್ಟಿ ನೋಡಿ.”

“ನಮ್ಮಲ್ಲಿ ಸತ್ತೋರ್ನೇ ಕೂರ್ಸಿ ಕರ್ಕೊಂಡು ಹೋಗ್ತೀವಿ. ಅವ್ರನ್ನ ಅಷ್ಟು ಚೆಂದಾಗಿ ಕೂರ್ಸಿ ಕಳಿಸ್ದೆ ನಾನು. ಅವ್ರ ಮುಂದೆ ಬದುಕಿರೋಳು ಮಲಗ್ಕೊಂಡು ಹೋಗಿ ಇಳಿಯಾದಾ?”

ಸುಬ್ಬಯ್ಯನವರು ಹಾಸಿಗೆಯನ್ನು ಸುರುಳಿ ಸುತ್ತಿದರು. ದೇವೇಂದ್ರ ಎರಡನೇ ಸಾಲಿನ ಬಾಗಿಲು ತೆಗೆದು, ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿಗೆ ತಾಗುವವರೆಗೆ ತಳ್ಳಿದ. ಅಕ್ಕನನ್ನು ಮಣೆಯ ಮೇಲೆ ನಿಲ್ಲಿಸಿ, ಬೆನ್ನು ಒಳಕ್ಕೆ ಮಾಡಿ ಸರಿಸಿ, ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಿರುಗಿಸಲು ನೋಡಿದ. ಹಿಮ್ಮಡಿ ಮುಂದಿನ ಸೀಟಿನ ಬೆನ್ನಿಗೆ ತಾಗಿ ನಿಂತಿತು. ಸೊಂಟ ಎತ್ತಿ ಮತ್ತೊಮ್ಮೆ ನೋಡಿದ. ಮೂರನೆಯ ಸಲ ತಾಯಮ್ಮ ಅವನ ಕೈ ಹಿಡಿದಳು. “ಸಾಕು ಕಣೋ. ಸುಸ್ತಾಗ್ಬುಟ್ಟೆ” ಎಂದಳು. ಸುಸ್ತಾದದ್ದು ಅವಳಿಗೋ ಅವನಿಗೋ ಅವಳು ಬಿಡಿಸಿ ಹೇಳಲಿಲ್ಲ.

ಅವಳನ್ನು ಮತ್ತೆ ಜಗುಲಿಯ ಮೇಲೆ ಕೂರಿಸಿದರು.

“ನೀವಿಬ್ರೂ ಹೋಗ್ಬನ್ನಿ” ಎಂದಳು. “ಬಿಲ್ವಪತ್ರೆ ಬುಟ್ಟೀಲೈತೆ. ಹೋಳಿಗೆ ಮ್ಯಾಲೆ ತುಪ್ಪ ಅಲ್ಲೇ ಹಾಕು, ಮೊದ್ಲೇ ಹಾಕಿದ್ರೆ ಅವ್ರಿಗೆ ಸೇರಲ್ಲ. ಅಲ್ಲೋದ್ಮ್ಯಾಲೆ ಫೋನ್ ಮಾಡು. ಮುಖ ಕಾಣೋ ಫೋನು.”

ಆಲೂರು ದಾಟಿದ ಮೇಲೆ ಸುಬ್ಬಯ್ಯನವರು, “ಬೂದೀದ್ರಲ್ಲಿ ಆಗ್ತಿತ್ತೇನೋ?” ಎಂದು ಕೇಳಿದರು. ದೇವೇಂದ್ರ ಆಗುತ್ತಿತ್ತು ಎಂದ. “ಹೇಳ್ಬಾರ್ದಾಗಿತ್ತಾ ಮಾರಾಯ” ಎಂದರು ಅವರು.

ಸಮಾಧಿಯ ಮೇಲೆ ಮೂರು ವರ್ಷದ ಹುಲ್ಲಿರಲಿಲ್ಲ. ದೇವೀರಪ್ಪನ ತಮ್ಮಂದಿರು ಆಗಾಗ ಕಿತ್ತಿದ್ದರು. ದೇವೇಂದ್ರ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಪತ್ರೆ ಇಟ್ಟ, ಎಡೆ ಮಾಡಿ ತುಪ್ಪ ಹಾಕಿದ. ಹೊಲದ ಮೇಲ್ಭಾಗದಲ್ಲಿ ಮಾತ್ರ ಸಿಗ್ನಲ್ ಎರಡು ಕಡ್ಡಿ ಬರುತ್ತಿತ್ತು, ಸಮಾಧಿಯ ಬಳಿ ಒಂದೇ. ಫೋನ್ ಹಚ್ಚಿದ. ಶಿವಲೀಲಾ ಆ ಕಡೆ ಎತ್ತಿ ತಾಯಮ್ಮನ ಮುಂದೆ ಹಿಡಿದಳು.

“ಇನ್ನೂ ಸ್ವಲ್ಪ ಕೆಳಗೆ ಹಿಡಿಯೋ. ಹ್ಞಾಂ. ಅದನ್ನ ಅಲ್ಲೇ ಎದುರಿಗೆ ಆನಿಸಿ ಇಡು. ಇಟ್ಟಾ? ಈಗ ನೀನು ಆ ಕಡಿಗೆ ಹೋಗು. ಸುಬ್ಬಯ್ಯೋರೂ.”

ಫೋನನ್ನು ತೆಂಗಿನಕಾಯಿಗೆ ಒರಗಿಸಿಟ್ಟು ಇಬ್ಬರೂ ಹೊಲದ ಅಂಚಿನ ಹಲಸಿನ ಮರದವರೆಗೆ ನಡೆದು, ಬೆನ್ನು ತಿರುಗಿಸಿ ನಿಂತರು. ಹಿಂದಿನ ವಾರದ ಮಳೆಗೆ ಅಕ್ಕಪಕ್ಕದ ತೋಟಗಳಲ್ಲಿ ಕಾಫಿ ಹೂವಾಗಿತ್ತು. ಅವಳ ದನಿ ಗೊಣಗಿನಂತೆ ಕೇಳುತ್ತಿತ್ತು, ಆಮೇಲೆ ಜೇನುನೊಣದ ಸದ್ದಿನಲ್ಲಿ ಅದೂ ತಿಳಿಯದಾಯಿತು. ಇಪ್ಪತ್ತು ನಿಮಿಷ ಬಿಟ್ಟು ದೇವೇಂದ್ರ ಬಂದು ನೋಡಿದ. ಪರದೆ ಕಪ್ಪಾಗಿತ್ತು. ಒತ್ತಿ ನೋಡಿದರೆ ಕರೆ ನಾಲ್ಕು ನಿಮಿಷ ಹತ್ತು ಸೆಕೆಂಡಿಗೇ ಕಡಿದುಹೋಗಿತ್ತು. ಮತ್ತೆ ಹಚ್ಚಿದ. ಸಿಗಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ತಾಯಮ್ಮ ಜಗುಲಿಯ ಮೇಲೆಯೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಶಿವಲೀಲಾ ಗಂಡನನ್ನು ಅಡುಗೆಮನೆಗೆ ಕರೆದಳು.

“ಫೋನು ಬೇಗ ಕಟ್ಟಾಗೋಯ್ತು ಕಣ್ರೀ.”

“ಗೊತ್ತು. ಅಕ್ಕ ಏನಂದ್ಲು?”

“ನಾನು ಹೇಳನ ಅಂತ ಬಾಯಿ ತೆಗ್ದೆ. ಅವ್ರು ನನ್ ಕೈಲಿದ್ದ ಫೋನ್ನ ನೋಡಿದ್ರು, ಕಪ್ಪಗಾಗಿದ್ದು ಅವ್ರಿಗೂ ಕಾಣಿಸ್ತು. ಹಿಡ್ಕೊ, ಹಿಡ್ಕೊ ಅಂತ ಕೈಸನ್ನೆ ಮಾಡಿದ್ರು. ಆಮೇಲೂ ಅರ್ಧ ಗಂಟೆ ಮಾತಾಡಿದ್ರು ಕಣ್ರೀ. ತೋಟದ್ದು, ಕಾಲಿಂದು, ನಿಮ್ಮದು. ನನ್ ಕೈ ಸೋತೋಗಿತ್ತು, ಆದ್ರೂ ಇಳಿಸ್ಲಿಲ್ಲ.”