ಟೀಚರಕ್ಕನ ಐದನೆಯ ಭಾನುವಾರ

ಕಳೆದ ತಿಂಗಳು ನಮ್ಮ ಸಭೆಯ, ಅಂದರೆ ಚರ್ಚಿನ, ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಎದ್ದಿತು. ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ಹೋದರೆ, ಬಣ್ಣ ಹೊಡೆಯುವ ಮುಂಚೆ ಬಡಗಿ ಬಾಗಿಲನ್ನು ಉಪ್ಪು ಕಾಗದದಲ್ಲಿ ಉಜ್ಜುತ್ತಿದ್ದ. ಗೋಂದು, ಮರಳು, ಮರದ ಪುಡಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ಹೊಸ್ತಿಲಲ್ಲಿ ನಿಂತುಬಿಟ್ಟೆ. "ಏನಮ್ಮಾ, ತಲೆ ಸುತ್ತು ಬಂತಾ?" ಎಂದ ಬಡಗಿ. ಇಲ್ಲಪ್ಪ ಎಂದೆ.

ಟೀಚರಕ್ಕನ ಕೈಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು. ಹಳೆಯ ಕ್ಯಾಲೆಂಡರಿನ ಚಿತ್ರಗಳನ್ನು ಕತ್ತರಿಸಿ, ಅದರ ಬೆನ್ನಿಗೆ ಉಪ್ಪು ಕಾಗದದ ಚೂರು ಅಂಟಿಸಿ, ಹಲಗೆಗೆ ಬಿಗಿದ ಉಣ್ಣೆ ಬಟ್ಟೆಯ ಮೇಲೆ ಒತ್ತಿದರೆ ಚಿತ್ರ ಹಾಗೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಕುರಿ, ದೋಣಿ, ಹಸಿರು ಸೀರೆಯ ಹೆಂಗಸು, ಎಲ್ಲ ಒಂದೊಂದಾಗಿ ಬಂದು ಹಲಗೆಯ ಮೇಲೆ ನಿಲ್ಲುತ್ತಿದ್ದವು. ಟೀವಿ ನೋಡದ ನಮಗೆ ಅದೇ ಟೀವಿ.

ಅವರು ವಾರವೆಲ್ಲ ಗೌರಿಬಿದನೂರಿನ ಒಂದು ಬಾಲವಾಡಿಯಲ್ಲಿ ಪುಟಾಣಿಗಳನ್ನು ನೋಡಿಕೊಳ್ಳುತ್ತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಸಂಡೇ ಸ್ಕೂಲು. ಊರು ಚಿಂತಾಮಣಿ ಕಡೆ. ಮದುವೆಯಾಗಿರಲಿಲ್ಲ. ಜೊತೆಗೆ ವಯಸ್ಸಾದ ತಾಯಿ ಇದ್ದರು. ಆ ಅಜ್ಜಿ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಆಮೇಲೆ ಮಗಳ ಕೈಗೆ ಬೈಬಲ್ಲು ಕೊಟ್ಟು "ಹೋಗಿ ಬಾರಮ್ಮ" ಎಂದು ಕಳಿಸುತ್ತಿದ್ದರು. ನಾವು ಹೋದರೆ ಹುರಿಗಡಲೆ ಕೊಡುತ್ತಿದ್ದರು. ಅಮ್ಮ ಒಂದು ದಾರಿ, ಮಗಳು ಒಂದು ದಾರಿ ಎಂದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ನಮ್ಮದು ಮೆನೊನೈಟ್ ಎಂಬ ಕ್ರೈಸ್ತ ಪಂಥದ ಸಣ್ಣ ಸಭೆ. ಕಾರ್ಖಾನೆ ಕೆಲಸಕ್ಕೆಂದು ಆಂಧ್ರದ ಕಡೆಯಿಂದ ಬಂದ ಹದಿನೈದು ಇಪ್ಪತ್ತು ಮನೆಗಳು, ಒಂದು ಹೆಂಚಿನ ಕೋಣೆ, ಒಂದು ಹೊಂಗೆ ಮರ. ಮಗುವಿಗೆ ನೀರು ಚಿಮುಕಿಸುವ ಪದ್ಧತಿ ನಮ್ಮಲ್ಲಿಲ್ಲ. ಬುದ್ಧಿ ಬಂದ ಮೇಲೆ ಅವರವರೇ ಬಾಯಿಬಿಟ್ಟು ಕೇಳಬೇಕು, ಸಭೆಯ ಮುಂದೆ ಪರೀಕ್ಷೆ ಕೊಡಬೇಕು, ಆಮೇಲೆ ನೀರಿಗಿಳಿಯಬೇಕು. ಇಳಿದವರಿಗೆ ಮಾತ್ರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ. ಭೋಜನ ಆದ ಮೇಲೆ ಒಬ್ಬರ ಕಾಲು ಒಬ್ಬರು ತೊಳೆಯುತ್ತಾರೆ, ಮೇಸ್ತ್ರಿಯ ಕಾಲನ್ನು ಕೂಲಿಯವನು, ಕೂಲಿಯವನ ಕಾಲನ್ನು ಮೇಸ್ತ್ರಿ. ಇನ್ನೊಂದು ಪದ್ಧತಿ, ಆಣೆ ಇಡುವ ಹಾಗಿಲ್ಲ. ಗೋಲಿ ಆಟದಲ್ಲಿ ನಾವು "ಅಮ್ಮನಾಣೆ" ಅಂದರೆ ಟೀಚರಕ್ಕ ನಗುತ್ತಾ, "ಅಲ್ಲ ಕಣೇ, ಈಗ ಹೇಳಿದ್ದು ನಿಜ ಆದ್ರೆ ಆಣೆ ಯಾಕೆ? ಸುಳ್ಳಾದ್ರೆ ಪಾಪ ಅಮ್ಮನ್ನ ಯಾಕೆ ಎಳೀತೀಯ?" ಎನ್ನುತ್ತಿದ್ದರು.

ಸಭೆಯ ಪ್ರಾರ್ಥನೆ, ಪ್ರಸಂಗ ಎಲ್ಲ ತೆಲುಗು. ನಾವೋ ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ದೊಡ್ಡ ಹುಡುಗರು ಹದಿನಾಲ್ಕು ತುಂಬುತ್ತಲೇ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಟೀಚರಕ್ಕ ಹಿರಿಯರ ಹತ್ತಿರ ಜಗಳವಾಡಿ ಪಾಠ ಕನ್ನಡಕ್ಕೆ ತಂದರು. ಶನಿವಾರ ಸಂಜೆ ದೊಡ್ಡ ಹುಡುಗ ಹುಡುಗಿಯರಿಗೆ ಬೇರೆ ಕೂಟ ಮಾಡಿದರು. ಅದಕ್ಕೊಂದು ಕೇರಂ ಬೋರ್ಡ್ ತಂದಾಗ ಹಿರಿಯರಲ್ಲಿ ಒಬ್ಬರಾದ ನಮ್ಮಪ್ಪ, ಇದು ಜೂಜಿನ ಮೊದಲ ಮೆಟ್ಟಿಲು ಎಂದು ಕೂಗಾಡಿದರು. ಒಂದು ತಿಂಗಳಾದ ಮೇಲೆ ಅವರೇ ಅಲ್ಲಿ ಕೂತು ಕೆಂಪು ಕಾಯಿಗೆ ಗುರಿಯಿಡುತ್ತಿದ್ದರು! ಹೋದ ಹುಡುಗರು ವಾಪಸ್ ಬಂದರು. ಹತ್ತು ವರ್ಷ ಆ ಹೆಂಗಸು ಒಬ್ಬರೇ ನಮ್ಮನ್ನೆಲ್ಲ ಹಿಡಿದಿಟ್ಟುಕೊಂಡಿದ್ದರು.

ಮೂರು ತಿಂಗಳಿಗೊಮ್ಮೆ ಭೋಜನದ ಭಾನುವಾರ ಬಂದರೆ ಟೀಚರಕ್ಕ ಮಕ್ಕಳನ್ನೆಲ್ಲ ಕರೆದುಕೊಂಡು ಹೊಂಗೆ ಮರದ ಕೆಳಗೆ ಹೋಗಿಬಿಡುತ್ತಿದ್ದರು. ಒಳಗೆ ದೊಡ್ಡವರು ರೊಟ್ಟಿ ಮುರಿಯುವಾಗ, ಕಾಲು ತೊಳೆಯುವಾಗ, ಹೊರಗೆ ನಮಗೆ ಕಥೆ. "ನಮ್ಮ ಮಕ್ಕಳಿಗೋಸ್ಕರ ತನ್ನ ಭೋಜನಾನೂ ಬಿಡ್ತಾಳೆ ಮಹಾತಾಯಿ" ಎಂದು ನಮ್ಮಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ನನಗೆ ಹದಿನಾರಾದಾಗ ನಾವು ಐದು ಜನ ದೀಕ್ಷಾಸ್ನಾನ ಕೇಳಿದೆವು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಪಿನಾಕಿನಿ ಹೊಳೆಯಲ್ಲಿ ಬರೀ ಮರಳು, ಅದಕ್ಕೇ ನಗರಗೆರೆ ರಸ್ತೆಯ ರೈತರೊಬ್ಬರ ಪಂಪ್‌ಸೆಟ್ ತೊಟ್ಟಿಯನ್ನು ಗೊತ್ತು ಮಾಡಿದ್ದರು. ಭಾನುವಾರ ಬೆಳಿಗ್ಗೆ ಸ್ನಾನ, ಶನಿವಾರ ಮಧ್ಯಾಹ್ನ ಸಭೆಯ ಮುಂದೆ ಪರೀಕ್ಷೆ. ಹೊಸದಾಗಿ ವರ್ಗವಾಗಿ ಬಂದಿದ್ದ ಅಯ್ಯಗಾರು, ಅಂದರೆ ಪಾಸ್ಟರು, ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ನಾವು ಪಟಪಟ ಹೇಳಿದೆವು. ಎಲ್ಲರ ಮುಖ ಅರಳಿತು. ಅಯ್ಯಗಾರು ಕೊನೆಯಲ್ಲಿ, ಇನ್ನೇನಾದರೂ ಹೇಳೋದಿದೆಯಾ ಎಂದರು.

ಹೇಳಿದ್ದು ನಾನು. ಪ್ರೀತಿ ಉಕ್ಕಿ ಹೇಳಿದೆ, ಬೇರೇನೂ ಇಲ್ಲ. "ಅಯ್ಯಗಾರು, ನಮ್ಮ ಟೀಚರಕ್ಕ ಸಾಕ್ಷಿ ಹೇಳ್ಲಿ. ಅವರು ನೀರಿಗಿಳಿದ ದಿನ ಹೆಂಗಿತ್ತು ಅಂತ ನಾವು ಒಂದ್ಸಲಾನೂ ಕೇಳಿಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ಟೀಚರಕ್ಕ ನಿಧಾನಕ್ಕೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು.

"ನಾನು ಇಳಿದಿಲ್ಲ" ಎಂದರು.

ನಮ್ಮಮ್ಮ ತಮಾಷೆ ಎಂದುಕೊಂಡು ಫಕ್ಕನೆ ನಕ್ಕಳು. ಜೊತೆಗೆ ಯಾರೂ ನಗಲಿಲ್ಲ. "ಏಮಂಟುನ್ನಾವಮ್ಮಾ?" ಎಂದು ಅಯ್ಯಗಾರು ಏನು ಹೇಳ್ತಿದೀಯ ಅನ್ನುವ ಹಾಗೆ ಮುಂದೆ ಬಾಗಿದರು.

"ನನಗೆ ದೀಕ್ಷಾಸ್ನಾನ ಆಗಿಲ್ಲ ಅಯ್ಯಗಾರು."

ಹತ್ತು ವರ್ಷ! ನಮಗೆ ನೀರಿನ ಅರ್ಥ ಹೇಳಿಕೊಟ್ಟವರು, ಹೆದರಬೇಡ, ಉಸಿರು ಬಿಗಿಹಿಡಿ, ಮೂಗು ಮುಚ್ಚಿಕೋ ಎಂದು ಹೇಳಿಕೊಟ್ಟವರು...

ಆದದ್ದು ಇಷ್ಟೇ. ಹುಡುಗಿಯಾಗಿದ್ದಾಗ ಟೀಚರಕ್ಕನಿಗೆ ಚಿಂತಾಮಣಿಯಲ್ಲಿ ಪಕ್ಕದ ಮನೆಯವರ ಜೊತೆ ಸಭೆಗೆ ಹೋಗಿ ನಂಬಿಕೆ ಬಂದಿತ್ತು. ತಾಯಿ ತಡೆಯಲಿಲ್ಲ. ಒಂದೇ ಒಂದು ಮಾತು ಕೇಳಿದರು, ನಾನು ಬದುಕಿರೋವರೆಗೂ ನೀರಿಗೆ ಮಾತ್ರ ಇಳಿಯಬೇಡ. ಟೀಚರಕ್ಕ ಹೂಂ ಎಂದಿದ್ದರು. ಆಮೇಲೆ ಗೌರಿಬಿದನೂರಿಗೆ ಬಂದರು. ಚಿಂತಾಮಣಿಯವರು, ಗೌರಿಬಿದನೂರಿನಲ್ಲಿ ಆಗಿರುತ್ತೆ ಎಂದುಕೊಂಡರು. ನಮ್ಮವರು, ಚಿಂತಾಮಣಿಯಲ್ಲಿ ಆಗಿಯೇ ಇರುತ್ತೆ ಎಂದುಕೊಂಡರು. ಒಬ್ಬ ಕೂಲಿಯವನು ಬಂದರೂ ಹಳೆಯ ಸಭೆಯ ಪತ್ರ ಕೇಳುವ ನಮ್ಮ ಹಿರಿಯರು ಇವರನ್ನು ಕೇಳಲೇ ಇಲ್ಲ. ಮಕ್ಕಳನ್ನು ನೋಡಿಕೊಳ್ಳಲು ಒಂದು ಜನ ಸಿಕ್ಕಿದ್ದೇ ಹೆಚ್ಚು ಎನ್ನುವ ಖುಷಿ. ಹೊಂಗೆ ಮರದ ಕೆಳಗೆ ಅವರು ಹೋಗುತ್ತಿದ್ದದ್ದು ನಮಗಾಗಿ ಭೋಜನ ಬಿಟ್ಟುಕೊಟ್ಟಲ್ಲ, ತಮಗೆ ಅದರ ಹಕ್ಕಿಲ್ಲವೆಂದು.

"ಹೋಗಲಿ ಬಿಡಮ್ಮ, ನಾಳೆ ಈ ಮಕ್ಕಳ ಜೊತೆ ನೀನೂ ಇಳಿದುಬಿಡು, ಮುಗಿದೋಯ್ತು" ಎಂದರು ನಮ್ಮಪ್ಪ. ಅವರ ದನಿ ಬೇಡಿಕೊಳ್ಳುವ ಹಾಗಿತ್ತು. ಟೀಚರಕ್ಕ ಆಗಲ್ಲ ಎಂದು ತಲೆಯಾಡಿಸಿದರು. "ಅಮ್ಮ ಇನ್ನೂ ಇದಾರಲ್ಲ. ಮಾತು ಕೊಟ್ಟಿದೀನಿ. ಆಡಿದ ಮಾತು ಉಳಿಸ್ಕೊಳ್ಳಿ ಅಂತ ಮಕ್ಕಳಿಗೆ ಹೇಳಿಕೊಟ್ಟಿರೋಳು ನಾನೇ."

ಅವತ್ತೇ ಸಂಡೇ ಸ್ಕೂಲನ್ನು ಅವರ ಕೈಯಿಂದ ತೆಗೆದರು. ನೀರಿಗಿಳಿಯದವರು ಇಳಿಯುವವರಿಗೆ ಕಲಿಸುವುದು ಹೇಗೆ? ಮಾರನೆಯ ಬೆಳಿಗ್ಗೆ ಐವರಲ್ಲಿ ಇಬ್ಬರು ಹುಡುಗರು ಬರಲಿಲ್ಲ. ಟೀಚರಕ್ಕ ಇಳಿಯದ ನೀರು ನಮಗೂ ಬೇಡ ಎಂದರಂತೆ. ನಾನು ಇಳಿದೆ. ನನಗೆ ಬಂದದ್ದು ಭಕ್ತಿಯಲ್ಲ, ಸಿಟ್ಟು. ನಮಗೆಲ್ಲ ಮೋಸ ಮಾಡಿದರು ಎನ್ನುವ ಸಿಟ್ಟು. ವಾರ ಬಿಟ್ಟು ಅವರು ನಮ್ಮ ಮನೆ ಬಾಗಿಲಿಗೆ ಬಂದು ನನ್ನ ಹೆಸರು ಹಿಡಿದು ಕರೆದಾಗ, ತಲೆನೋವು ಎಂದು ಹೇಳು ಅಂತ ಅಮ್ಮನನ್ನು ಕಳಿಸಿ ಒಳಗೇ ಕೂತಿದ್ದೆ. ಆ ತಿಂಗಳೇ ತಾಯಿಯನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಹೊರಟುಹೋದರು. ಅಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯೊಂದರಲ್ಲಿ ಕೆಲಸ ಎಂದು ಕೇಳಿದೆ. ಶನಿವಾರದ ಕೂಟ ನಿಂತಿತು. ಕೇರಂ ಬೋರ್ಡ್ ಅಟ್ಟ ಸೇರಿತು. ಭಾನುವಾರ ಚಾಪೆಯ ಮೇಲೆ ಏಳು ಜನ, ಆಮೇಲೆ ನಾಲ್ಕು ಜನ...

ತೊಂಬತ್ತರ ದಶಕ ಬಂತು. ನಾನು ಟಿ.ಸಿ.ಎಚ್. ಮುಗಿಸಿ ಪ್ರೈಮರಿ ಶಾಲೆಯ ಮೇಡಂ ಆಗಿದ್ದೆ. ಸತ್ತು ಮಲಗಿದ್ದ ಸಂಡೇ ಸ್ಕೂಲನ್ನು ನಾನೇ ಎತ್ತಿ ನಿಲ್ಲಿಸಿದೆ ಎನ್ನುವ ಜಂಭವೂ ಇತ್ತು. ನನ್ನದು ಶಾಲೆಯ ಶಿಸ್ತು. ದೀಕ್ಷಾಸ್ನಾನ ಬೇಕೆಂದವರಿಗೆ ಆರು ತಿಂಗಳ ಪಾಠ, ಪ್ರತಿ ವಾರ ಹಾಜರಿ. ಇನ್ನು ಮುಂದೆ ಯಾರ ವಿಷಯದಲ್ಲೂ "ಆಗಿರುತ್ತೆ" ಎಂದುಕೊಳ್ಳುವುದು ಬೇಡ ಎಂದು ಹಿರಿಯರನ್ನು ಒಪ್ಪಿಸಿ ಮಾಡಿದ ನಿಯಮ.

ಒಂದು ಭಾನುವಾರ ಟೀಚರಕ್ಕ ಬಂದು ಬಾಗಿಲಲ್ಲಿ ನಿಂತರು. ಕೂದಲು ಪೂರ್ತಿ ನೆರೆತಿತ್ತು. ಕೈಬೆರಳುಗಳು ರೇಷ್ಮೆಗೂಡಿನ ಬಿಸಿನೀರಿನಲ್ಲಿ ಬೆಂದು ಬೆಳ್ಳಗಾಗಿದ್ದವು. "ಅಮ್ಮ ಹೋದ್ರು" ಎಂದರು ನಮ್ಮಪ್ಪನಿಗೆ. "ಹೋದ ತಿಂಗಳು. ಈಗ ಕೇಳೋದಕ್ಕೆ ಬಂದಿದೀನಿ."

ನಮ್ಮಪ್ಪ, ಆ ಗಟ್ಟಿ ಮನುಷ್ಯ, ಕಣ್ಣು ತುಂಬಿಕೊಂಡರು. ನನ್ನ ಕಡೆ ತಿರುಗಿ, "ಇವರಿಗೆ ಏನು ಪಾಠಾನಮ್ಮ? ನೀನು ಹೂಂ ಅಂದ್ರೆ ಬರೋ ಭಾನುವಾರವೇ ತೊಟ್ಟಿ ತುಂಬಿಸ್ತೀನಿ" ಎಂದರು.

ಒಂದು "ಹೂಂ" ಸಾಕಾಗಿತ್ತು.

"ನಿಯಮ ಎಲ್ಲರಿಗೂ ಒಂದೇ ಅಲ್ವಾ ಅಪ್ಪಾ?" ಎಂದೆ.

ನನ್ನ ಬಾಯಿಂದ ಆ ಮಾತು ಹೇಗೆ ಬಂತು ಎಂದು ಈಗಲೂ ಬೆಚ್ಚುತ್ತೇನೆ. ನಿಯಮದ ಮೇಲಿನ ಗೌರವ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಅಲ್ಲ, ಅದು ಹದಿನಾರರ ಸಿಟ್ಟು, ಒಳಗೆ ಹಾಗೇ ಕೂತಿತ್ತು. ಟೀಚರಕ್ಕ ಮಾತ್ರ ನಕ್ಕರು. "ಸರಿಯಾಗಿ ಹೇಳ್ದೆ ಕಣಮ್ಮ. ಕೂತ್ಕೋತೀನಿ" ಎಂದು ಚಪ್ಪಲಿ ಬಿಟ್ಟು, ಹದಿಮೂರು ಹದಿನಾಲ್ಕರ ಮಕ್ಕಳ ಪಕ್ಕ ಚಾಪೆಯ ಮೇಲೆ ಕೂತರು.

ಶಿಡ್ಲಘಟ್ಟದಲ್ಲಿ ಮೊದಲ ಬಸ್ಸು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಒಂಬತ್ತಕ್ಕೆ ಮುಂಚೆ ಬಂದುಬಿಡುತ್ತಿದ್ದರು. ನಾನು ಪ್ರಶ್ನೆ ಕೇಳಿದರೆ ಕೈಯೆತ್ತಿ, ನಾನು ಹೆಸರು ಕರೆಯುವವರೆಗೂ ಕಾಯುತ್ತಿದ್ದರು. ಅವರೇ ನನಗೆ ಕಲಿಸಿದ್ದ ಉತ್ತರಗಳನ್ನು ನನಗೇ ಒಪ್ಪಿಸುತ್ತಿದ್ದರು. ಮೂರನೆಯ ವಾರಕ್ಕೆ ನೋಡಿದರೆ ಮಕ್ಕಳೆಲ್ಲ ಚಾಪೆಯ ಮೇಲೆ ಅವರ ಕಡೆಗೇ ಸರಿದು ಕೂತಿದ್ದರು. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಹೇಳಲಾರೆ. ನಾಲ್ಕನೆಯ ವಾರ ಪಾಠ ಮುಗಿದ ಮೇಲೆ ಹತ್ತಿರ ಬಂದು, "ಚೆನ್ನಾಗಿ ಹೇಳಿಕೊಡ್ತೀಯ. ಒಂಚೂರು ನಗ್ತಾ ಹೇಳು, ಅಷ್ಟೇ" ಎಂದು ನನ್ನ ಕೆನ್ನೆ ಮುಟ್ಟಿದರು. ಒರಟು ಬೆರಳು. ನಾನು ಪುಸ್ತಕ ಜೋಡಿಸುವವಳ ಹಾಗೆ ಮುಖ ತಿರುಗಿಸಿದೆ.

ಐದನೆಯ ಭಾನುವಾರ ಅವರು ಬರಲಿಲ್ಲ. ಹತ್ತು ನಿಮಿಷ ಕಾದೆ. "ದೊಡ್ಡವರೇ ಹಿಂಗೆ ಮಾಡಿದ್ರೆ ನಿಮಗೆ ನಾನೇನು ಹೇಳ್ಲಿ?" ಎಂದು ಮಕ್ಕಳಿಗೆ ಹೇಳಿ ಪಾಠ ಶುರುಮಾಡಿದೆ.

ಮಂಗಳವಾರ ನಮ್ಮಪ್ಪ ಕೆಲಸದಿಂದ ಬಂದವರು ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದು ನಿಂತರು. ಶಿಡ್ಲಘಟ್ಟದ ಕಡೆಯ ಒಬ್ಬರು ಸುದ್ದಿ ತಂದಿದ್ದರು. ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ, ಗೌರಿಬಿದನೂರು ಬಸ್ಸಿಗೆ ಕಾಯುತ್ತಾ, ಎದೆ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಒರಗಿದರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತಂತೆ. ದೂರದ ನೆಂಟರು ಬಂದು ಸೋಮವಾರವೇ ತಾಯಿಗೆ ಮಾಡಿದ ಹಾಗೆಯೇ ತಮ್ಮ ಪದ್ಧತಿಯ ಸಂಸ್ಕಾರ ಮಾಡಿ ಮುಗಿಸಿದ್ದರು. ನಮ್ಮ ಸಭೆಯಿಂದ ಯಾರೂ ಹೋಗಲಿಲ್ಲ. ಅವರು ಹೋದದ್ದೇ ನಮಗೆ ಗೊತ್ತಿರಲಿಲ್ಲ. ಅಪ್ಪ ಬೈದಿದ್ದರೆ ಚೆನ್ನಾಗಿತ್ತು... ನಾನು ಅಡಿಗೆಮನೆಗೆ ಹೋಗಿ, ಯಾಕೆ ಹೋದೆನೋ ತಿಳಿಯದೆ, ಗೋಡೆ ನೋಡುತ್ತಾ ನಿಂತಿದ್ದೆ. ಅಳು ಬಂದದ್ದು ಎಷ್ಟೋ ದಿನ ಕಳೆದ ಮೇಲೆ.

ಈಗ ಬಂದಿರುವ ಅಯ್ಯನವರು ಚಿಕ್ಕ ವಯಸ್ಸಿನವರು. ಮಕ್ಕಳ ಪಾಠ, ಯುವಕರ ಕೂಟ ಗಟ್ಟಿಯಾಗಬೇಕು ಎಂದು ಊಟ ತಿಂಡಿ ಬಿಟ್ಟು ಓಡಾಡುತ್ತಾರೆ. ಹೊಸ ಕೋಣೆಯ ಗೋಡೆಗೆ ಒಂದು ಕಲ್ಲು ಹಾಕಿಸಿ, ಇಲ್ಲಿ ಸಂಡೇ ಸ್ಕೂಲನ್ನು ಕಟ್ಟಿದವರ ಹೆಸರು ಬರೆಸಬೇಕು ಎಂದು ಅವರ ಆಸೆ. ನನ್ನನ್ನು ಕೇಳಿದರು. ಟೀಚರಕ್ಕನ ಹೆಸರು ಹೇಳಿದೆ. ಎಷ್ಟೋ ವರ್ಷದ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂದಿತ್ತು. ಎರಡು ದಿನ ಬಿಟ್ಟು ಮನೆಗೇ ಬಂದರು. "ಆಂಟಿ, ಸದಸ್ಯರ ಪುಸ್ತಕ, ದೀಕ್ಷಾಸ್ನಾನದ ಪುಸ್ತಕ ಎಲ್ಲಾ ನೋಡ್ದೆ. ಆ ಹೆಸರು ಎಲ್ಲೂ ಇಲ್ವಲ್ಲ?"

ಟ್ರಂಕಿನಿಂದ ನನ್ನ ಹಳೆಯ ಹಾಜರಿ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಹದಿಮೂರು ಮಕ್ಕಳ ಹೆಸರಿನ ಕೆಳಗೆ, ಹದಿನಾಲ್ಕನೆಯದಾಗಿ, ನನ್ನ ಕೈಬರಹದಲ್ಲಿ ಟೀಚರಕ್ಕನ ಹೆಸರು. ಮುಂದೆ ನಾಲ್ಕು ವಾರ ಹಾಜರಿ. ಐದನೆಯ ವಾರದ ಚೌಕದಲ್ಲಿ ಕೆಂಪು ಶಾಯಿಯಿಂದ ಗೈರು ಎಂದು ನಾನೇ ಬರೆದದ್ದು.

ಅಯ್ಯನವರು ಅದರ ಮೇಲೆ ಬೆರಳಿಟ್ಟು, "ಅವತ್ತು ಯಾಕೆ ಬರ್ಲಿಲ್ಲ ಅವ್ರು?" ಎಂದು ಕೇಳಿದರು.

"ಬರ್ತಾ ಇದ್ರು" ಎಂದೆ.