ಕೌದಿಯೊಳಗಿನ ಹಳ್ಳ

ಉಜ್ಜಿನಿಯ ಮಾಳಮ್ಮ ನಲವತ್ತು ವರ್ಷಗಳಿಂದ ಕೌದಿ ಹೊಲಿದವಳು. ಹಳೆಯ ಸೀರೆ, ಧೋತರ, ಅಂಗಿ, ಏನು ಕೊಟ್ಟರೂ ಪದರ ಪದರವಾಗಿ ಹಾಸಿ ಅಂಚಿನಿಂದ ಹೊಲಿಗೆ ಶುರುಮಾಡುವಳು. ಮೊದಲ ಸುತ್ತು ಕೌದಿಯಷ್ಟೇ ದೊಡ್ಡ ಚೌಕ. ಒಂದು ಬೆರಳು ಜಾಗ ಬಿಟ್ಟು ಅದರೊಳಗೆ ಅಂಥದೇ ಚೌಕ, ಅದರೊಳಗೆ ಇನ್ನೂ ಸಣ್ಣದು. ಸ್ಕೇಲು, ಸೀಮೆಸುಣ್ಣ ಎಂದೂ ಮುಟ್ಟಿದವಳಲ್ಲ. ಒಳಗಿನ ಸಾಲಿಗೆ ಹೊರಗಿನ ಸಾಲೇ ದಾರಿ.

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ತಿಂಗಳುಗಟ್ಟಲೆ ಸೂಜಿ ಹಿಡಿದಿರಲಿಲ್ಲ. ಈಗ ಕೈಗೆತ್ತಿಕೊಂಡದ್ದು ಪಕ್ಕದ ಮನೆಯ ಟೇಲರ್ ಮುಸರತಳ ಮಗಳು ಅಜೀಮಳಿಗಾಗಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಜೀಮ ಹೆರಿಗೆಗೆಂದು ತವರಿಗೆ ಬಂದಿದ್ದಳು. ಪದರಕ್ಕೆ ಬೇಕಾದ ಹಳೆಬಟ್ಟೆಯನ್ನೆಲ್ಲ ಮುಸರತಳೇ ಕೊಟ್ಟಿದ್ದಳು. ಕೂಸಿನ ಈ ಕೌದಿ ಸರಿಬಂದರೆ ಮುಂದೆಯೂ ಹೊಲಿಯುವುದು, ಇಲ್ಲವಾದರೆ ಸೂಜಿಯ ಡಬ್ಬಿಯನ್ನು ಅಟ್ಟಕ್ಕೆ ಹಾಕುವುದು ಎಂದು ಮಾಳಮ್ಮ ಯಾರಿಗೂ ಹೇಳದೆ ತೀರ್ಮಾನಿಸಿದ್ದಳು.

ಸರಿಬರಲಿಲ್ಲ. ಹತ್ತನೆಯ ಸುತ್ತಿಗೆ ಒಂದು ಬದಿ ತುಸು ಒಳಕ್ಕೆ ಬಾಗಿತು. ಇಪ್ಪತ್ತಕ್ಕೆ ಬಾಗು ಎದ್ದು ಕಂಡಿತು. ನಡುವಿಗೆ ಬರುವಷ್ಟರಲ್ಲಿ ಚೌಕವೇ ಉಳಿದಿರಲಿಲ್ಲ. ಸಾಲುಗಳೆಲ್ಲ ಹಳ್ಳದ ನೀರಿನಂತೆ ಬಳಸಿಕೊಂಡು ಹೋಗಿದ್ದವು.

ಅಷ್ಟರಲ್ಲಿ ಮುಸರತ ರೊಟ್ಟಿಯ ಚೂರು ಹಿಡಿದು ಬಂದಳು, ಹಿಂದೆಯೇ ಅಜೀಮ. ಕೌದಿ ಹಸಿದಿರಬಾರದೆಂದು ನಡುವಿನ ತೇಪೆ ಮುಚ್ಚುವ ಮೊದಲು ಅದರ ಹೊಟ್ಟೆಗೆ ರೊಟ್ಟಿ ಇಡುವುದು ಪದ್ಧತಿ.

"ಯಾಕ ಮಾಳಕ್ಕ, ಮಾರಿ ಸಣ್ಣದು ಮಾಡ್ಕಂಡು ಕುಂತಿ?"

"ನೋಡ್ಲೇ ಇದನ್ನ. ನನ್ನ ಕೈ ಹೋತು."

ಮುಸರತ ಸಾಲುಗಳ ನಡುವೆ ಬೆರಳಿಟ್ಟು ನೋಡುತ್ತ ಹೋದಳು. "ಎಲ್ಲಿ ಹೋಗೈತಿ? ಎಲ್ಲಾ ಕಡಿ ಒಂದ ಬೆರಳು ಐತಿ. ಹೆಚ್ಚಿಲ್ಲ, ಕಮ್ಮಿಲ್ಲ."

"ಮತ್ತ ಈ ಸೊಟ್ಟ ಎಲ್ಲಿಂದ ಬಂತು?"

"ಹಿಂದಕ್ಕ ಹೋಗಿ ನೋಡೋಣ, ದೊಡ್ಡವ್ವ," ಎಂದು ಅಜೀಮ ಗೋಡೆ ಹಿಡಿದು ಮೆಲ್ಲಗೆ ಕುಳಿತಳು. ಬಾಗಿನ ಮೇಲೆ ಬೆರಳಿಟ್ಟು ಒಂದೊಂದೇ ಸುತ್ತು ಹೊರಕ್ಕೆ ಸರಿದಳು. ಸರಿದಂತೆ ಬಾಗು ಕಿರಿದಾಯಿತು. ಅಂಚಿಗೆ ಬಂದಾಗ ಜೋಳದ ಕಾಳಿನಷ್ಟೇ ಉಳಿದಿತ್ತು. ಮಾಳಮ್ಮ ಅಲ್ಲಿ ಒತ್ತಿ ನೋಡಿದಳು. ಬಟ್ಟೆಯ ಕೆಳಗೆ ಏನೋ ಗಟ್ಟಿ. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ! ಸೂಜಿ ಅದರಲ್ಲಿ ಇಳಿಯದೆ ಮೊದಲ ಸುತ್ತಿನಲ್ಲೇ ಒಂದು ಕಾಳಿನಷ್ಟು ಒಳಗೆ ಸರಿದಿತ್ತು. ಉಳಿದ ಸುತ್ತುಗಳೆಲ್ಲ ಅದನ್ನೇ ನಂಬಿ ಬಂದಿದ್ದವು.

"ಲೇ ಮುಸರತ, ನಿನ್ನ ಗಂಡಂದೇನಲೇ ಈ ಪ್ಯಾಂಟು?"

"ಅವರದ್ದ ಅಕ್ಕ. ಮನ್ಯಾಗೂ ಹಂಗ, ಅಡ್ಡ ಬಂದು ನಿಂದರ್ತಾರ."

ಮಾಳಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ವಾರದಿಂದ ಎದೆಯಲ್ಲಿ ಕುಳಿತಿದ್ದ ಭಾರ ಆ ನಗುವಿನಲ್ಲೇ ಇಳಿದುಹೋಯಿತು.

"ಇದಕ್ಕ ಕೇಯಾಸ್ ಅಂತ ಓದಿದ್ವಿ, ದೊಡ್ಡವ್ವ," ಎಂದಳು ಅಜೀಮ. "ಶುರುವಿನಾಗ ಕಾಳಷ್ಟು ಸರದ್ರ ಕೊನಿಗೆ ಹಳ್ಳ ಆಗ್ತೈತಿ. ಹಳ್ಳದಾಗೂ ನೋಡು, ದೊಡ್ಡ ತಿರುವಿನೊಳಗ ಅಂಥದ್ದ ಸಣ್ಣ ತಿರುವು ಇರ್ತೈತಿ."

"ಅದೆಲ್ಲ ಇರ್ಲಿ. ಬಿಚ್ಚಿ ಹೊಲೀಲೇನು?"

"ಬ್ಯಾಡ. ನನ್ನ ಕೂಸಿಗೆ ಈ ಹಳ್ಳನ ಬೇಕು."

ಮಾಳಮ್ಮ ರೊಟ್ಟಿಯ ಚೂರನ್ನು ನಡುವೆ ಇಟ್ಟಳು. ಬಾಗಿಲ ಬೆಳಕಿಗೆ ಸೂಜಿ ಹಿಡಿದಳು. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಅದನ್ನು ಯಾರಿಗೂ ತೋರಿಸದೆ, ತೇಪೆಯ ಅಂಚು ಮಡಚುತ್ತ ಹೇಳಿದಳು:

"ಲೇ ಮುಸರತ, ಮುಂದಿನ ಕೌದಿಗೆ ಪ್ಯಾಂಟಿನ ಹೊಲಿಗಿ ಬಿಚ್ಚಿ ಕೊಡು."